ಅರ್ಧಕ್ಕೆ ನಿಂತ ಮಾತು

ನನ್ನ ತಮ್ಮ ಸೆರೆಮನೆಯಲ್ಲಿದ್ದಾನೆ. ಯಾವ ಕಾರಣಕ್ಕೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ನ್ಯಾಯಾಲಯವು ನನಗಿಂತ ವಿವರವಾಗಿ ಬರೆದಾಗಿದೆ, ಮತ್ತು ಅವನು ಮಾಡಿದ್ದು ತಪ್ಪೇ ಅಲ್ಲ ಎಂದು ವಾದಿಸುವ ಅಕ್ಕ ನಾನಲ್ಲ. ಎರಡು ವರ್ಷಗಳಿಂದ 15 ದಿನಕ್ಕೊಮ್ಮೆ ಅಮ್ಮನನ್ನು ಕರೆದುಕೊಂಡು ಅವನನ್ನು ನೋಡಿ ಬರುತ್ತಿದ್ದೇನೆ. ನಮಗೆ ಸಿಗುವುದು 20 ನಿಮಿಷ. ಆ 20 ನಿಮಿಷಗಳಲ್ಲಿ ಹೇಗೆ ಮಾತನಾಡಬೇಕು ಎಂಬುದನ್ನು ನಾನು ತಪ್ಪು ಮಾಡಿ ಮಾಡಿಯೇ ಕಲಿತೆ.

ಮೊದಲ ಸಲ ಹೋದಾಗ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದುಕೊಂಡಿದ್ದೆ. ಗುರುತಿನ ಚೀಟಿ ತೋರಿಸಿ, ಪುಸ್ತಕದಲ್ಲಿ ಹೆಸರು, ಸಂಬಂಧ, ಸಮಯ ಬರೆದು, ಫೋನು, ಕೀಲಿಕೈ, ಚಿಲ್ಲರೆ ಎಲ್ಲವನ್ನೂ ಒಪ್ಪಿಸಿದ ಮೇಲೆ, ತಪಾಸಣೆ ಮಾಡುತ್ತಿದ್ದ ಮಹಿಳಾ ಸಿಬ್ಬಂದಿ ಆ ಹಾಳೆಯನ್ನೂ ಕೇಳಿ ಪಡೆದುಕೊಂಡರು. ಕಾಗದ ಒಳಗೆ ಹೋಗುವಂತಿಲ್ಲ. ಬರಿಗೈಯಲ್ಲಿ ಹೋಗಿ ಕುಳಿತವಳಿಗೆ ಅದರಲ್ಲಿದ್ದ ಒಂದು ಪ್ರಶ್ನೆಯೂ ನೆನಪಿಗೆ ಬರಲಿಲ್ಲ.

ನಡುವೆ ದಪ್ಪ ಗಾಜು, ಎರಡೂ ಕಡೆ ಒಂದೊಂದು ರಿಸೀವರ್. ರಿಸೀವರಿನ ತಂತಿ ಗಿಡ್ಡವಾದ್ದರಿಂದ ಕೇಳುವವರೇ ಮುಂದಕ್ಕೆ ಬಾಗಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಅದು ಹಿಂದಿನವರ ಕಿವಿಯ ಬಿಸಿಯನ್ನು ಇನ್ನೂ ಉಳಿಸಿಕೊಂಡಿರುತ್ತದೆ. ಗಾಜಿನ ಮೇಲೆ ಹಣೆ ಒತ್ತಿದ ಜಿಡ್ಡಿನ ಗುರುತುಗಳಿದ್ದವು; ಹೆಚ್ಚಿನವು ಕುಳಿತ ದೊಡ್ಡವರ ಎತ್ತರದಲ್ಲಿ, ಒಂದೆರಡು ಮಾತ್ರ ತೀರ ಕೆಳಗೆ, ಕಟ್ಟೆಯ ಅಂಚಿಗೆ ತಾಗಿದಂತೆ. ಆ ಕೆಳಗಿನ ಗುರುತು ಯಾರದೆಂದು ಅರ್ಥವಾಗಲು ನನಗೆ ಕೆಲವು ಕ್ಷಣ ಬೇಕಾಯಿತು.

ತಮ್ಮ ಅಂದು ಕೇಳಿದ ಮೊದಲ ಪ್ರಶ್ನೆ, "ಅಕ್ಕಾ, ಹಿಂಬಾಗಿಲಿನ ಚಿಲಕ ಸರಿ ಮಾಡಿಸಿದೆಯಾ?" ಮಳೆಗೆ ಬಾಗಿಲಿನ ಮರ ಉಬ್ಬಿ, ಚಿಲಕ ಅದರ ತೂತಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅವನಿಗೆ ನೆಮ್ಮದಿಯಾಗಲಿ ಎಂದು, ಬಡಗಿ ಬಂದು ಸರಿ ಮಾಡಿ ಹೋದ ಎಂದುಬಿಟ್ಟೆ. ಮುಂದಿನ ಭೇಟಿಯಲ್ಲಿ ಅವನು, "ಬಡಗಿ ತೂತನ್ನು ಅರದಿಂದ ಉಜ್ಜಿದನೋ, ಚಿಲಕವನ್ನೇ ಕಿತ್ತು ಮೇಲಕ್ಕೆ ಹೊಡೆದನೋ?" ಎಂದು ಕೇಳಿದ. ನಾನು ತಡವರಿಸಿದೆ. ಅವನು ಸಿಟ್ಟಾಗಲಿಲ್ಲ, ಸುಮ್ಮನಾದ. "ಹಾಗಾದರೆ ಅಮ್ಮನ ಬಿಪಿ ಕಡಿಮೆಯಾಗಿದೆ ಎಂದದ್ದು?" ಎಂದು ಕೇಳಿದಾಗಲೇ ನನಗೆ ನನ್ನ ತಪ್ಪಿನ ಅಳತೆ ತಿಳಿದದ್ದು. ಹೊರಗಿರುವ ನಾವು ದಿನಕ್ಕೆ ನೂರು ಮಾತಾಡಿ ತೊಂಬತ್ತನ್ನು ಮರೆಯುತ್ತೇವೆ. ಒಳಗಿರುವವನು 20 ನಿಮಿಷದಲ್ಲಿ ಕೇಳಿಸಿಕೊಂಡದ್ದನ್ನು ಮುಂದಿನ 15 ದಿನ ತಿರುಗಿಸಿ ಮುರುಗಿಸಿ ನೋಡುತ್ತಿರುತ್ತಾನೆ, ಹೀಗಾಗಿ ಎಲ್ಲಿ ಹೊಲಿಗೆ ಬಿಟ್ಟಿದೆ ಎಂಬುದು ಅವನ ಕಣ್ಣಿಗೆ ಬೀಳದೆ ಇರುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪನ್ನು ಆಮೇಲೆ ಮಾಡಿದೆ. ಮಾತಿನ ಕೊನೆಯಲ್ಲಿ, "ಇನ್ನೊಂದು ವಿಷಯ ಇದೆ, ಮುಂದಿನ ಸಲ ಹೇಳುತ್ತೇನೆ" ಎಂದೆ. ವಿಷಯ ಏನೂ ಇರಲಿಲ್ಲ, ಮನೆಗೆ ಸುಣ್ಣ ಬಣ್ಣ ಹೊಡೆಸುವ ಯೋಚನೆಯಷ್ಟೆ. ಅಷ್ಟರಲ್ಲಿ ಲೈನು ಕಡಿದುಹೋಯಿತು. ಅಲ್ಲಿ ಸಮಯ ಮುಗಿಯುವುದೆಂದರೆ ಗಂಟೆ ಬಾರಿಸುವುದಲ್ಲ, ರಿಸೀವರ್ ಇದ್ದಕ್ಕಿದ್ದಂತೆ ಸತ್ತುಹೋಗುವುದು. ಎರಡು ವಾರ ಕಳೆದು ಹೋದಾಗ ಅವನ ಕಣ್ಣು ಗುಳಿಬಿದ್ದಿದ್ದವು. ಅಮ್ಮನಿಗೆ ಏನೋ ಆಗಿದೆ, ಅದನ್ನು ನನ್ನಿಂದ ಮುಚ್ಚಿಟ್ಟಿದ್ದಾರೆ ಎಂದು ಅವನು ನಂಬಿಕೊಂಡಿದ್ದ. ಅಮ್ಮ ಪಕ್ಕದಲ್ಲೇ ಕುಳಿತಿದ್ದರೂ, ಅವಳನ್ನು ಎದ್ದು ನಿಲ್ಲುವಂತೆ ಹೇಳಿ, ಅತ್ತ ಇತ್ತ ನಡೆಯುವಂತೆ ಹೇಳಿ, ನೋಡಿದ ಮೇಲೆಯೇ ಅವನಿಗೆ ಸಮಾಧಾನವಾದದ್ದು. ಅಂದಿನಿಂದ, ಅಲ್ಲಿ ಆರಂಭಿಸಿದ ಮಾತನ್ನು ಅಲ್ಲಿಯೇ ಮುಗಿಸಬೇಕು, ಮುಗಿಸಲಾಗದ್ದನ್ನು ಆರಂಭಿಸಬಾರದು ಎಂಬುದು ನಮ್ಮ ಮನೆಯ ಕಾನೂನು.

ನೆಲ್ಸನ್ ಮಂಡೇಲಾ ಅವರನ್ನು 1964ರಲ್ಲಿ ಜೀವಾವಧಿ ಶಿಕ್ಷೆಗಾಗಿ ರಾಬೆನ್ ದ್ವೀಪಕ್ಕೆ ಕಳುಹಿಸಿದಾಗ ಅವರಿಗೆ ಆರಂಭದಲ್ಲಿ ಸಿಕ್ಕ ಹಕ್ಕು 6 ತಿಂಗಳಿಗೆ ಒಂದು ಭೇಟಿ, 6 ತಿಂಗಳಿಗೆ ಒಂದು ಪತ್ರ. ಭೇಟಿಯಲ್ಲಿ ಕುಟುಂಬದ ವಿಷಯವನ್ನು ಮಾತ್ರ ಆಡಬೇಕು, ಅದೂ ತಮ್ಮ ಮನೆಮಾತಾದ ಖೋಸಾದಲ್ಲಿ ಅಲ್ಲ, ಕಾವಲುಗಾರರಿಗೆ ತಿಳಿಯುವ ಇಂಗ್ಲಿಷ್ ಅಥವಾ ಆಫ್ರಿಕಾನ್ಸ್‌ನಲ್ಲಿ. 1968ರಲ್ಲಿ ತಾಯಿ ಬಂದು ನೋಡಿಹೋದರು, ಅದೇ ವರ್ಷ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಲು ಮಂಡೇಲಾ ಅವರಿಗೆ ಅನುಮತಿ ಸಿಗಲಿಲ್ಲ. ಗಾಜು, ಗೋಡೆ ಅಡ್ಡವಿಲ್ಲದೆ ಹೆಂಡತಿ ವಿನ್ನಿಯನ್ನು ಮುಟ್ಟಲು ಸಾಧ್ಯವಾದದ್ದು 1984ರಲ್ಲಿ, ಪೊಲ್ಸ್‌ಮೂರ್ ಸೆರೆಮನೆಯಲ್ಲಿ, 21 ವರ್ಷಗಳ ನಂತರ. ಇದನ್ನು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 21 ವರ್ಷವಲ್ಲ, ಆರಂಭದ ಆ 6 ತಿಂಗಳು. ಅರ್ಧಕ್ಕೆ ನಿಂತ ಒಂದು ಮಾತು 15 ದಿನದಲ್ಲಿ ನನ್ನ ತಮ್ಮನನ್ನು ಅಷ್ಟು ಇಳಿಸಿತ್ತು.

ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 1955ರಲ್ಲಿ ರೂಪಿಸಿದ್ದ ಕನಿಷ್ಠ ನಿಯಮಗಳು 2015ರಲ್ಲಿ ಪರಿಷ್ಕೃತಗೊಂಡು ಈಗ ಅವರ ಹೆಸರಿನಲ್ಲೇ ಮಂಡೇಲಾ ನಿಯಮಗಳೆನಿಸಿವೆ. ಅವು ಯಾವ ಸರ್ಕಾರವನ್ನೂ ಕಟ್ಟಿಹಾಕುವ ಕಾನೂನಲ್ಲ, ಆದರೂ ಸಂದರ್ಶಕರ ಸಾಲಿನಲ್ಲಿ ನಿಲ್ಲುವವರು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಕುಟುಂಬದವರ ಸಂಪರ್ಕವನ್ನು ನಿಷೇಧಿಸುವುದು ಶಿಸ್ತಿನ ಶಿಕ್ಷೆಯಾಗಬಾರದು ಎನ್ನುತ್ತದೆ 43ನೆಯ ನಿಯಮ. ನೋಡಲು ಬಂದವರ ತಪಾಸಣೆ ಅವಮಾನಕರವಾಗಿರಬಾರದು ಎನ್ನುತ್ತದೆ 60ನೆಯದು. 61ನೆಯ ನಿಯಮದಂತೆ ವಕೀಲರ ಭೇಟಿಯನ್ನು ಸಿಬ್ಬಂದಿ ದೂರದಿಂದ ನೋಡಬಹುದು, ಮಾತನ್ನು ಮಾತ್ರ ಕೇಳಿಸಿಕೊಳ್ಳುವಂತಿಲ್ಲ. ಈ ರಕ್ಷಣೆ ಅಕ್ಕ, ಅಮ್ಮಂದಿರ ಮಾತಿಗೆ ಇಲ್ಲ. ಹಾಗಾಗಿ ಮೊಕದ್ದಮೆಯ ಒಳವಿವರಗಳನ್ನು ನಾವು ಆ ರಿಸೀವರಿನಲ್ಲಿ ಆಡುವುದೇ ಇಲ್ಲ, ವಕೀಲರಿಗೆ ಬಿಟ್ಟಿದ್ದೇವೆ. ಹೀಗೆ ಬಿಟ್ಟದ್ದರಿಂದ ನಮ್ಮ 20 ನಿಮಿಷವೂ ನಮಗೇ ಉಳಿಯಿತು.

68ನೆಯ ನಿಯಮವನ್ನು ನಾನು ಓದಿದ್ದು ತಡವಾಗಿ. ಒಂದು ದಿನ ಅಮ್ಮನೊಂದಿಗೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಹೆಸರು ಹೇಳಿದರೆ, ಕಿಟಕಿಯ ಹಿಂದಿದ್ದವರು ಪುಸ್ತಕದಲ್ಲಿ ಬೆರಳಾಡಿಸಿ, "ಇವರನ್ನು ಮೊನ್ನೆಯೇ ಬೇರೆ ಕಡೆ ವರ್ಗಾಯಿಸಲಾಗಿದೆ" ಎಂದರು. ಎಲ್ಲಿಗೆ ಎಂದು ಹೇಳಲು ಮತ್ತೊಬ್ಬರು ಬರಬೇಕಿತ್ತು, ಅವರು ಊಟಕ್ಕೆ ಹೋಗಿದ್ದರು. ಅಮ್ಮ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತಳು; ಅಳಲಿಲ್ಲ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು. ವರ್ಗಾವಣೆಯಾದ ಕೂಡಲೇ ಮನೆಯವರಿಗೆ ತಿಳಿಸುವ ಹಕ್ಕು ಮತ್ತು ಅವಕಾಶ ಕೈದಿಗೆ ಇರಬೇಕು ಎಂದು ಆ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ತಮ್ಮ ಕೇಳಿಕೊಂಡಿದ್ದನಂತೆ. ತಿಳಿಸುತ್ತೇವೆ ಎಂದಿದ್ದರಂತೆ. ಈಗ ಹೊರಡುವ ಹಿಂದಿನ ದಿನ ಫೋನು ಮಾಡಿ ಅವನು ಅಲ್ಲಿಯೇ ಇದ್ದಾನೆಯೇ ಎಂದು ವಿಚಾರಿಸದೆ ನಾನು ಬಾಗಿಲು ದಾಟುವುದಿಲ್ಲ.

ಹೋಗಿ ಬರುವುದರಿಂದ ಏನು ಪ್ರಯೋಜನ ಎಂದು ಬಂಧುಗಳು ಕೇಳುತ್ತಾರೆ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ 2003ರಿಂದ 2007ರವರೆಗೆ ಬಿಡುಗಡೆಯಾದ 16,420 ಮಂದಿಯನ್ನು ಕುರಿತು 2011ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಒಳಗಿದ್ದಾಗ ಯಾರಾದರೂ ಬಂದು ನೋಡಿದ್ದವರು ಮತ್ತೆ ಗಂಭೀರ ಅಪರಾಧಕ್ಕೆ ಶಿಕ್ಷೆಗೊಳಗಾಗುವ ಸಂಭವ ಶೇ. 13ರಷ್ಟು ಕಡಿಮೆಯಿತ್ತು. ಹೆಚ್ಚು ಫಲ ಕೊಟ್ಟ ಭೇಟಿಗಳಲ್ಲಿ ಒಡಹುಟ್ಟಿದವರ ಭೇಟಿಯೂ ಸೇರಿತ್ತೆಂದು ಓದಿ, ಸುಳ್ಳೇಕೆ, ಸ್ವಲ್ಪ ಬೀಗಿದೆ. ಆದರೆ ಶೇ. 13ರ ಆಸೆಗೆ ಯಾರೂ ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಲ್ಲುವುದಿಲ್ಲ. ಬರುತ್ತೇವೆ ಎಂದ ದಿನ ಬರಬೇಕು, ಅಷ್ಟೆ. ನಾನು ಜ್ವರದಿಂದ ಒಮ್ಮೆ ತಪ್ಪಿಸಿದಾಗ ಅವನು ಅಂದು ಬೆಳಿಗ್ಗೆಯೇ ಗಡ್ಡ ಕೆರೆದು, ಒಗೆದ ಅಂಗಿ ಹಾಕಿ, ಸಂಜೆಯವರೆಗೆ ಕುಳಿತಿದ್ದನಂತೆ.

ಈಗ ನಮಗೆ ಒಂದು ರೂಢಿಯಾಗಿದೆ. ಮೊದಲು ಅಮ್ಮ ಮಾತನಾಡುತ್ತಾಳೆ, ಏಕೆಂದರೆ ಅವಳು ಅಳುವುದಿದ್ದರೆ ಆರಂಭದಲ್ಲೇ ಅತ್ತು ಮುಗಿಸುತ್ತಾಳೆ. ಕೆಟ್ಟ ಸುದ್ದಿ ಇದ್ದರೆ ಅದರ ಹಿಂದೆಯೇ ನಾನು ಹೇಳುತ್ತೇನೆ, ಅವನು ಮರುಪ್ರಶ್ನೆ ಕೇಳಲು ಸಮಯವಿರುವಾಗ. ಕೊನೆಯ ನಿಮಿಷಗಳು ಚಿಲಕದಂಥ ವಿಷಯಗಳಿಗೆ. ಚಿಲಕವನ್ನು ನಾನೇ, ಅವನು ಮೂರು ಭೇಟಿಗಳಲ್ಲಿ ಬಿಡಿಸಿ ಹೇಳಿಕೊಟ್ಟಂತೆ, ಅರ ಹಿಡಿದು ಸರಿಪಡಿಸಿದ್ದೆ.

ಹೋದ ಸಲ ಅವನು, "ಅಕ್ಕಾ, ಮತ್ತೆ ಆ..." ಎನ್ನುತ್ತಿರುವಾಗ ಲೈನು ಹೋಯಿತು. ಈ ಬಾರಿ ಗಾಬರಿಗೊಂಡವಳು ನಾನು. ಅವನು ನನ್ನ ಮುಖ ನೋಡಿ, ಎದ್ದು ನಿಂತು, ಗಾಜಿನ ಆಚೆಯಿಂದ ಎರಡು ಬೆರಳುಗಳನ್ನು ಅಡ್ಡಕ್ಕೆ ಸರ್ರನೆ ಜಾರಿಸಿ ತೋರಿಸಿದ. ಸುಳ್ಳು ಹೇಳುವಂತಿಲ್ಲ, ಮಳೆ ಮತ್ತೆ ಶುರುವಾಗಿತ್ತು. ನಾನು ನನ್ನ ಎರಡು ಬೆರಳುಗಳನ್ನು ಅರ್ಧದವರೆಗೆ ಸರಿಸಿ ನಿಲ್ಲಿಸಿದೆ. ಅವನು ಹಣೆ ಚಚ್ಚಿಕೊಂಡು, ಅರದಿಂದ ಇನ್ನೂ ಉಜ್ಜು ಎಂದು ಕೈಯಾಡಿಸುತ್ತಲೇ ಒಳಗೆ ಹೋದ.