ಭೀಮನಿಗೆ ‘ದಿ’ ಬೇಡ, ಭೀಮೆಗೆ ಬೇಕು

ಇಂಗ್ಲಿಷ್ ವ್ಯಾಕರಣದಲ್ಲಿ ನಾನು ಯಾರೊಡನೆಯಾದರೂ ಧೈರ್ಯವಾಗಿ ವಾದಕ್ಕೆ ಇಳಿಯುವ ಭಾಗ ಒಂದೇ: ಊರು, ನದಿ, ಬೆಟ್ಟಗಳ ಹೆಸರು. ಅದಕ್ಕೆ ಕಾರಣ ರಾಯಚೂರಿನ ನಮ್ಮ ಹೈಸ್ಕೂಲು ಮತ್ತು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸರ್. ಅವರ ಹೆಸರು ಹಾಕಿದರೆ ಮುನಿಸಿಕೊಳ್ಳುತ್ತಾರೆ; ಆ ಕಾಲದಲ್ಲಿ ಓದಿದವರಿಗೆ ಹೆಸರು ಹೇಳುವ ಅಗತ್ಯವೂ ಇಲ್ಲ.

ಕನ್ನಡ ಮಾಧ್ಯಮದವರಾದ ನಮಗೆ ರೂಢನಾಮ, ಅಂಕಿತನಾಮಗಳ ಭೇದ ಬಾಯಿಪಾಠವಾಗಿತ್ತು. ನದಿ ಎಂದರೆ ರೂಢನಾಮ, ತುಂಗಭದ್ರೆ ಎಂದರೆ ಅಂಕಿತನಾಮ. ಆದರೆ ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬುದೇ ಇಲ್ಲದ್ದರಿಂದ ಆ ಭೇದ ಬರವಣಿಗೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಅಂಕಿತನಾಮದ ಮೊದಲ ಅಕ್ಷರ ದೊಡ್ಡದಿರಬೇಕು. ಇದನ್ನು ಕಲಿಯಲು ಊರಿನ ಬೋರ್ಡುಗಳೂ ನೆರವಾಗುತ್ತಿರಲಿಲ್ಲ. ರೈಲ್ವೆ ನಿಲ್ದಾಣವಾಗಲಿ, ತೀನ್ ಕಂದೀಲ್ ಸುತ್ತಲಿನ ಅಂಗಡಿಗಳಾಗಲಿ, ಎಲ್ಲೆಡೆ ಇಡೀ ಹೆಸರು ದೊಡ್ಡಕ್ಷರಗಳಲ್ಲೇ. “ಬೋರ್ಡು ನೋಡಿ ಇಂಗ್ಲಿಷ್ ಕಲಿಯಬೇಡಿ” ಎಂದು ಸರ್ ಗದರುತ್ತಿದ್ದುದು ಅದಕ್ಕೇ. ಕೋಟೆಯನ್ನು ಬರೀ ಕೋಟೆ ಎಂದಾಗ ಚಿಕ್ಕಕ್ಷರ, ರಾಯಚೂರು ಕೋಟೆ ಎಂದು ಹೆಸರಿಟ್ಟು ಕರೆದಾಗ ಎರಡೂ ಪದಗಳಿಗೆ ದೊಡ್ಡಕ್ಷರ. ಇಷ್ಟು ಬೇಗನೆ ತಲೆಗೆ ಹತ್ತಿತು.

ತಿಣುಕಾಡಿಸಿದ್ದು ಹೆಸರಿನ ಮುಂದೆ ಬರುವ ‘ದಿ’ (the). ಅಂಗಡಿಯಲ್ಲಿ ಸಿಗುತ್ತಿದ್ದ ಗೈಡುಗಳಲ್ಲಿ ಥೇಮ್ಸ್ ನದಿ, ಆಲ್ಪ್ಸ್ ಪರ್ವತಗಳೇ ಉದಾಹರಣೆ. ಸರ್ ಗೈಡನ್ನು ಮುಚ್ಚಿಸಿ ಕರಿಹಲಗೆಯ ಮೇಲೆ ಎರಡು ಗೆರೆ ಎಳೆದರು. ಮೇಲಿನದು ಕೃಷ್ಣೆ, ಕೆಳಗಿನದು ತುಂಗಭದ್ರೆ. ನಡುವೆ ಚುಕ್ಕಿಗಳಿಟ್ಟು ರಾಯಚೂರು, ಮಾನ್ವಿ, ಸಿಂಧನೂರು, ಮಸ್ಕಿ ಎಂದು ಬರೆದರು. ಗೆರೆಗಳಿಗೆ ‘ದಿ’ ಉಂಟು, ಚುಕ್ಕಿಗಳಿಗೆ ಇಲ್ಲ. ಎರಡು ಗೆರೆಗಳ ನಡುವಿನ ಇಡೀ ನೆಲ ರಾಯಚೂರು ದೋಆಬ್. ಅದಕ್ಕೂ ‘ದಿ’, ಅದನ್ನು ಒಳಗೊಂಡ ದಖ್ಖನ್‌ಗೂ ‘ದಿ’. ಪಶ್ಚಿಮ ಘಟ್ಟಗಳ ಸಾಲಿಗೆ ಬೇಕು, ಆ ಸಾಲಿನ ಒಂಟಿ ಶಿಖರ ಮುಳ್ಳಯ್ಯನಗಿರಿಗೆ ಬೇಡ.

ಆಮೇಲೆ ಹಲಗೆಯ ಮೂಲೆಯಲ್ಲಿ ಎರಡು ಪುಟ್ಟ ವಾಕ್ಯ ಬರೆದರು: ‘ಭೀಮಾ ಈಸ್ ಫುಲ್’, ‘ದಿ ಭೀಮಾ ಈಸ್ ಫುಲ್’. ಮೊದಲನೆಯದು ಬಕಾಸುರನಿಗೆಂದು ಒಯ್ದ ಬಂಡಿ ಅನ್ನವನ್ನು ತಾನೇ ಉಂಡು ತೇಗಿದ ಭೀಮಸೇನ. ಎರಡನೆಯದು ಮಹಾರಾಷ್ಟ್ರದಲ್ಲಿ ಹುಟ್ಟಿ ನಮ್ಮ ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಸೇರುವ ನದಿ, ದಡ ಮುಟ್ಟಿ ಹರಿಯುತ್ತಿದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಕನ್ನಡದಲ್ಲಿ ನಾವು ಕೊನೆಯ ಸ್ವರ ಬದಲಿಸಿ ಭೀಮ, ಭೀಮೆ ಎಂದು ಸಲೀಸಾಗಿ ಮಾಡುವ ಕೆಲಸವನ್ನು ಇಂಗ್ಲಿಷಿನವರು ಮುಂದೆ ಒಂದು ಪದ ಇಟ್ಟು ಮಾಡುತ್ತಾರೆ, ಅಷ್ಟೇ. ಆ ದಿನದಿಂದ ‘ದಿ’ ನನಗೆ ಪರಕೀಯ ಎನ್ನಿಸಲಿಲ್ಲ.

ಎಲ್ಲಕ್ಕೂ ಕಾರಣ ಕೇಳಿದರೆ ಸರ್ ಸೊಪ್ಪು ಹಾಕುತ್ತಿರಲಿಲ್ಲ. ಊರುಗಳಿಗೆ ‘ದಿ’ ಇಲ್ಲವೆಂದ ಮೇಲೆ ಡಚ್ಚರ ಹೇಗ್ ನಗರಕ್ಕೆ ಯಾಕೆ? ಅದೂ ದೊಡ್ಡಕ್ಷರದ ‘ದಿ’! “ಅವರ ರೂಢಿ, ಕಲಿತುಕೊಳ್ಳಿ” ಎಂದು ಮುಂದಕ್ಕೆ ಹೋಗುತ್ತಿದ್ದರು. ಉಕ್ರೇನ್ ದೇಶದ್ದಾದರೆ ಕಥೆಯೇ ಇತ್ತು: ಮೊದಲು ಅದರ ಹೆಸರಿಗೂ ‘ದಿ’ ಸೇರಿಸುತ್ತಿದ್ದರು, 1991ರಲ್ಲಿ ಸ್ವತಂತ್ರವಾದ ಮೇಲೆ ಬಿಟ್ಟರು. ಪ್ರಾಂತ್ಯವೊಂದನ್ನು ಕರೆದಂತಾಗುತ್ತದೆ ಎಂಬುದು ಅಲ್ಲಿಯವರ ಆಕ್ಷೇಪ.

ಕಾಗುಣಿತದಲ್ಲಿ ಮಾತ್ರ ಅವರದು ಕಟ್ಟುನಿಟ್ಟು. ನಮ್ಮ ಜಿಲ್ಲೆಯ ಹಟ್ಟಿಯ ಚಿನ್ನದ ಗಣಿ ಕಂಪನಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ‘ಎ’ ಬದಲು ‘ಯು’ ಹಾಕಿ ಬರೆಯುತ್ತದೆ. ಹೊರಗಿನವರು ಅದನ್ನು ‘ಹುಟ್ಟಿ’ ಎಂದು ಓದಿದರೂ ಸರಿಯೇ, ಅದು ಕಂಪನಿಯ ಹೆಸರು, ತಿದ್ದುವ ಹಕ್ಕು ನಮಗಿಲ್ಲ ಎನ್ನುತ್ತಿದ್ದರು.

ಈಗ ಬೆಂಗಳೂರಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಸುದ್ದಿ ತಿದ್ದುವುದು ನನ್ನ ಕೆಲಸ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ ಸರ್ ಹೇಳಿದ್ದು ದಿನವೂ ಉಪಯೋಗಕ್ಕೆ ಬಂತು. ಪಕ್ಕದ ಬಳ್ಳಾರಿ, ಹೊಸಪೇಟೆಗಳಿಗೆ ಹೊಸ ಕಾಗುಣಿತ ಬಂತು. ರಾಯಚೂರು ಹಾಗೇ ಉಳಿಯಿತು, ಕೊಪ್ಪಳವೂ. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಹಳೆಯದನ್ನೆಲ್ಲ ಹೊಸದಾಗಿಸುವ ಉತ್ಸಾಹಿಗಳು ನಮ್ಮ ಡೆಸ್ಕಿನಲ್ಲಿ ಇದ್ದಾರೆ. ನಗರ ‘ಮೈಸೂರು’ ಆಗಿದೆ, ಒಪ್ಪೋಣ. 1916ರಲ್ಲಿ ಹುಟ್ಟಿದ ಅಲ್ಲಿನ ವಿಶ್ವವಿದ್ಯಾಲಯ ಇಂದಿಗೂ ಇಂಗ್ಲಿಷಿನಲ್ಲಿ ‘ಮೈಸೋರ್’ ಎಂದೇ ಬರೆದುಕೊಳ್ಳುತ್ತದೆ. ಅದನ್ನು ಮತ್ತೆ ಮತ್ತೆ ಹಳೆಯ ರೂಪಕ್ಕೆ ತಂದು, ಒಮ್ಮೆ ಸಂಪಾದಕರ ಎದುರೇ ವಾದಿಸಿ ಗೆದ್ದು, ಆ ಹೆಮ್ಮೆಯಲ್ಲಿ ಸರ್‌ಗೆ ಫೋನ್ ಮಾಡಿದೆ.

ಎಲ್ಲವನ್ನೂ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: “ಬ್ಯಾಂಗಲೋರ್ ಯೂನಿವರ್ಸಿಟಿಗೆ ‘ದಿ’ ಬೇಡ, ಯೂನಿವರ್ಸಿಟಿ ಆಫ್ ಮೈಸೋರ್‌ಗೆ ಬೇಕು. ಹಾಕಿದ್ದೆಯೋ ಇಲ್ಲವೋ?”

ಹಾಕಿದ್ದೆ.