ವಾಲ್ಟರ್‌ನ ಕುಸ್ತಿ ನಮ್ಮ ದೊಡ್ಡಪ್ಪಗ ತೋರಿಸಿದ್ದು

ಟಿವಿ ಕುಸ್ತಿಯ ಪೈಲ್ವಾನ ವಾಲ್ಟರ್‌ಗ ಈಗ ಎಲ್ಲಾರೂ ಗುಂಥರ್ ಅಂತಾರ. ನನ್ನ ಬಾಯಾಗ ಮಾತ್ರ ಇನ್ನೂ ವಾಲ್ಟರ್ ಅಂತನ ಬರ್ತೈತಿ, ಯಾಕಂದ್ರ ನಾ ಅವ್ನ ಹಿಂದ ಬಿದ್ದದ್ದು ಅಮೇರಿಕಾದ ದೊಡ್ಡ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಇ ನೋಡಿ ಅಲ್ಲ, ಜರ್ಮನಿಯ ಒಬರ್‌ಹೌಸನ್ ಅನ್ನೋ ಊರಾಗ ಟರ್ಬಿನನ್‌ಹಾಲ ಅಂತ ಒಂದ ಹಳೇ ಕಾರ್ಖಾನಿ ಕಟ್ಟಡ ಐತಿ, ಅಲ್ಲಿ ಅಂವ ಆಡಿದ ಮ್ಯಾಚುಗಳ ವಿಡಿಯೋ ನೋಡಿ. ಆಗ ನಾ ಪುಣೆಗೆ ಹೊಸಬ. ಹಡಪ್ಸರ್‌ನಾಗ ನಾಕ ಮಂದಿ ಹುಡುಗೂರು ಕೂಡಿ ಒಂದ ರೂಮು, ಇಬ್ರು ಚಿಕ್ಕೋಡಿ ಕಡೆಯವ್ರು, ಒಬ್ಬ ಇಂಡಿ, ಒಬ್ಬ ಬೀದರ್. ರಾತ್ರಿ ಶಿಫ್ಟ್ ಮುಗಿಸಿ ಬಂದು ನಿದ್ದಿ ಬರಲಾರದ ಹೊತ್ತಿನ್ಯಾಗ ಮೊಬೈಲ್ ಎದಿ ಮ್ಯಾಲ ಇಟಗೊಂಡು ನೋಡ್ತಿದ್ದೆ.

ಅಂವ ಹುಟ್ಟಿದ್ದು 1987ರಾಗ, ಆಸ್ಟ್ರಿಯಾದ ವಿಯೆನ್ನಾದಾಗ. 2005ರಾಗ ಕುಸ್ತಿ ಚಾಲೂ ಮಾಡಿದ. ಡಬ್ಲ್ಯೂಡಬ್ಲ್ಯೂಇಗೆ ಹೋಗಿದ್ದು 2019ರಾಗ. ನಡುವ ಹದಿನಾಕ ವರ್ಷ! ಆ ಹದಿನಾಕ ವರ್ಷದ ಬಗ್ಗೆ ಯಾರೂ ಮಾತಾಡಂಗಿಲ್ಲ, ಎಲ್ಲಾರೂ 666 ದಿನ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಬೆಲ್ಟ್ ಇಟಗೊಂಡಿದ್ದ, ಹಾಂಕಿ ಟಾಂಕ್ ಮ್ಯಾನ್ ಅನ್ನೋ ಹಳೇ ಪೈಲ್ವಾನನ 454 ದಿನದ ಹಳೇ ರೆಕಾರ್ಡ್ ಮುರದ ಅಂತ ಅದನ್ನ ಹೇಳ್ತಾರ. ಅದೂ ದೊಡ್ಡದ, ಇಲ್ಲ ಅನ್ನಂಗಿಲ್ಲ. ಆದ್ರ ನನಗ ಆ ಹದಿನಾಕ ವರ್ಷನ ಹೆಚ್ಚಿಂದು.

ಯುರೋಪಿನ ಇಂಡಿಪೆಂಡೆಂಟ್ ಸರ್ಕ್ಯೂಟ್, ಅಂದ್ರ ಸಣ್ಣ ಸಣ್ಣ ಕಂಪನಿಗಳ ಕುಸ್ತಿ, ಹೆಂಗಿರ್ತೈತಿ ಅಂದ್ರ, ತಿಂಗಳ ಪಗಾರ ಇಲ್ಲ, ಮ್ಯಾಚಿಗೆ ಇಷ್ಟ ಅಂತ ರೊಕ್ಕ, ಶುಕ್ರವಾರ ಒಂದ ಊರು ಶನಿವಾರ ಇನ್ನೊಂದ ಊರು, ನಾಕೈದ ಮಂದಿ ಕೂಡಿ ಒಂದ ಕಾರಿನ್ಯಾಗ ರಾತ್ರಿಯೆಲ್ಲಾ ಪ್ರಯಾಣ, ಇಂಟರ್ವಲ್‌ದಾಗ ತಾವ ಒಂದ ಟೇಬಲ್ ಹಾಕಿ ತಮ್ಮ ಹೆಸರಿನ ಟೀ ಶರ್ಟು ಮಾರ್ತಾರ, ಬಹಳಷ್ಟ ಮಂದಿಗೆ ಸೋಮವಾರ ಬ್ಯಾರೆ ಕೆಲಸಕ್ಕ ಹೋಗೂದ ಇರ್ತೈತಿ. ಕಲಿಯೋ ಹುಡುಗೂರು ಮೊದಲ ರಿಂಗ್ ಜೋಡಸಬೇಕು, ಕುರ್ಚಿ ಹಾಕಬೇಕು, ಮ್ಯಾಚ್ ಆಮ್ಯಾಲ.

ಒಂದ ಕಾಲಕ್ಕ ಇದು ಹಿಂಗಿರಲಿಲ್ಲ. ಆಸ್ಟ್ರಿಯಾದ ಗ್ರಾಜ್ ಊರಿನ ಒಟ್ಟೋ ವಾನ್ಜ್ ಅನ್ನಾಂವ, ದಪ್ಪ ದಪ್ಪ ಟೆಲಿಫೋನ್ ಡೈರೆಕ್ಟರಿ ಕೈಲೆ ಹರಿತಿದ್ನಂತ, ಅಂವ ಸಿಡಬ್ಲ್ಯೂಎ ಅಂತ ಕುಸ್ತಿ ಕಂಪನಿ ನಡಸ್ತಿದ್ದ. ಗ್ರಾಜ್, ವಿಯೆನ್ನಾ, ಬ್ರೆಮೆನ್ ಒಳಗ ಒಂದ ಊರಾಗ ವಾರಗಟ್ಟಲೆ ದಿನಾ ರಾತ್ರಿ ಕುಸ್ತಿ ನಡೀತಿತ್ತು, ಪೈಲ್ವಾನರು ಅಲ್ಲೇ ಠಿಕಾಣಿ ಹೂಡ್ತಿದ್ರು, ನಮ್ಮ ಕಂಪನಿ ನಾಟಕದವ್ರು ಒಂದ ಊರಾಗ ಕ್ಯಾಂಪ್ ಹಾಕಿಧಂಗ. 2000ದ ಹೊತ್ತಿಗೆ ಅದು ಮುಚ್ಚಿ ಹೋತು. ಅದ ವರ್ಷ ಜರ್ಮನಿಯ ಎಸ್ಸೆನ್ ಊರಾಗ ಡಬ್ಲ್ಯೂಎಕ್ಸ್‌ಡಬ್ಲ್ಯೂ ಅಂತ ಹೊಸಾದೊಂದು ಹುಟ್ಟಿತು, ವಾಲ್ಟರ್ ಬೆಳದದ್ದು ಅಲ್ಲೇ. ಅವ್ರದು ಪ್ರತಿ ವರ್ಷ 16 ಕ್ಯಾರಟ್ ಗೋಲ್ಡ್ ಅಂತ ಟೂರ್ನಮೆಂಟ್, ಹದಿನಾರ ಮಂದಿ, ಮೂರ ರಾತ್ರಿ. 2010ರಾಗ ವಾಲ್ಟರ್ ಗೆದ್ದ. 2017ರ ಫೈನಲ್‌ದಾಗ ಇಲ್ಯಾ ದ್ರಾಗುನೋವ್ ಅನ್ನೋ ಹುಡುಗಗ ಸೋತ. ಈ ಹುಡುಗ ಮಾಸ್ಕೋದಾಗ ಹುಟ್ಟಿ ಸಣ್ಣಾಂವ ಇದ್ದಾಗ ಜರ್ಮನಿಗೆ ಬಂದಾಂವ. ಹೆಸರ ನೆನಪಿಡ್ರಿ, ಮುಂದ ಬರ್ತೈತಿ.

ಒಬರ್‌ಹೌಸನ್, ಎಸ್ಸೆನ್, ಇವೆಲ್ಲಾ ಒಂದ ಕಾಲಕ್ಕ ಕಲ್ಲಿದ್ದಲು, ಉಕ್ಕಿನ ಸೀಮಿ. ಮುಂಬೈ ಗಿರಣಿ ನಡೀತಿದ್ದಾಗ ಕೊಲ್ಲಾಪುರ, ಸಾತಾರಾ ಕಡೆಯಿಂದ ಹೋದ ಕಾಮಗಾರರು ಚಾಳ್‌ದಾಗ ಇದ್ದುಕೊಂಡು ತಾಲೀಮು ನಡಸ್ತಿದ್ರಲ್ಲ, ಹಂಗ ಅನಸ್ತೈತಿ ನನಗ. ಮೈಮುರದು ದುಡಿಯೋ ಮಂದಿಗೆ ಇನ್ನೊಬ್ಬನ ಮೈ ದಣಿಯೋದು ನೋಡಿದ್ರ ಗೊತ್ತಾಗ್ತೈತಿ, ಅವ್ರ ಮುಂದ ಸುಳ್ಳ ನಡಿಯಂಗಿಲ್ಲ.

ವಾಲ್ಟರ್ ಮತ್ತ ಅವ್ನ ಜೋಡಿದಾರರು ರಿಂಗ್‌ಕಾಂಫ್ ಅಂತ ಗುಂಪು ಕಟ್ಟಿದ್ರು. ಅವ್ರ ಮಾತು ಒಂದ, ಮ್ಯಾಟ್ ಅಂದ್ರ ಪವಿತ್ರ. ಇದನ್ನ ಮೊದಲ ಸಲ ಕೇಳ್ದಾಗ ಮೈ ಝುಂ ಅಂತು. ನಮ್ಮೂರ ಗರಡಿ ಮನ್ಯಾಗ ಕೆಂಪ ಮಣ್ಣಿಗೆ ಅರಿಷಿಣ, ಎಣ್ಣಿ, ಮಜ್ಜಿಗಿ, ನಿಂಬಿಹಣ್ಣಿನ ರಸ ಹಾಕಿ ಕಲಸಿ ಹದಾ ಮಾಡ್ತಾರ, ಚಪ್ಪಲಿ ಹೊರಗ, ಒಳಗ ಕಾಲಿಡೂಕಿಂತ ಮೊದಲ ಒಂದ ಚಿಟಿಕಿ ಮಣ್ಣ ಹಣಿಗೆ. ಸಣ್ಣಾಂವ ಇದ್ದಾಗ ಆ ವಾಸನಿ ನನ್ನ ಅಂಗಿಗೆ ಹತ್ತಿದ್ರ ಅವ್ವ ಬಯ್ತಿದ್ದಿಲ್ಲ, ಬ್ಯಾರೆ ಯಾವ ಮಣ್ಣ ಹತ್ತಿದ್ರೂ ಬಯ್ತಿದ್ಲು.

ನಮ್ಮ ದೊಡ್ಡಪ್ಪ ಆ ಗರಡಿ ಪೈಲ್ವಾನ್ರು. ಚಿಕ್ಕೋಡಿ, ನಿಪ್ಪಾಣಿ ಸುತ್ತಮುತ್ತಲಿನ ಜಾತ್ರಿಯೊಳಗ ಎಲ್ಲಾ ಕಡೆ ಆಡ್ಯಾರ. ಅವ್ರದೂ ಒಂದ ಸರ್ಕ್ಯೂಟ್‌ನ, ಈ ವಾರ ಈ ದೇವ್ರ ಜಾತ್ರಿ, ಮುಂದಿನ ವಾರ ಇನ್ನೊಂದು, ಎಸ್‌ಟಿ ಬಸ್ಸಿನ್ಯಾಗ ಲಂಗೋಟಿ ಚೀಲ ಇಟಗೊಂಡು ಹೋಗೂದು, ಗೆದ್ರ ಬೆಳ್ಳಿ ಕಡಾ, ಸೋತ್ರ ಬಸ್ ಚಾರ್ಜ್ ಅಷ್ಟ. ಅವ್ರಿಗೆ ಟಿವಿ ಕುಸ್ತಿ ಅಂದ್ರ ಆಗತಿರಲಿಲ್ಲ. "ಏ ತಮ್ಮಾ, ನಾಟಕ ಅದು, ಬಂದ್ ಮಾಡು" ಅಂತಿದ್ರು. ಇಡೀ ಮನ್ಯಾಗ ಅವ್ರ ಎದುರ ಯಾರೂ ಮಾತಾಡ್ತಿರಲಿಲ್ಲ, ನಾನೂ ಬಂದ್ ಮಾಡ್ತಿದ್ದೆ.

ಹ್ವಾದ ಚಳಿಗಾಲದಾಗ ಮೊಣಕಾಲ ತೋರಿಸಾಕ ಅಂತ ಪುಣೆಗೆ ನಮ್ಮ ಮನಿಗೆ ಬಂದಿದ್ರು, ಹದಿನೈದ ದಿನ ಇದ್ರು. ಎರಡನೇ ದಿನನ ಪುಣೆಯ ಶುಕ್ರವಾರ ಪೇಠೆ ಅನ್ನೋ ಓಣಿಯ ಚಿಂಚೇಚಿ ತಾಲೀಮ್ ಅನ್ನೋ ಗರಡಿ ನೋಡಬೇಕು ಅಂದ್ರು, ಕರಕೊಂಡ ಹೋದೆ, ಹೊರಗ ನಿಂತು ಕೈ ಮುಗದು ಬಂದ್ರು. ಅವತ್ತ ರಾತ್ರಿ ಊಟ ಆದಮ್ಯಾಲ ಧೈರ್ಯ ಮಾಡಿ ಕೇಳ್ದೆ, ಒಂದ ಕುಸ್ತಿ ತೋರಸ್ತೀನಿ, ಪೂರ್ತಿ ನೋಡ್ರಿ, ನಡುವ ನಾಟಕ ಅನಬ್ಯಾಡ್ರಿ ಅಂತ. ನಕ್ಕು ಹೂಂ ಅಂದ್ರು.

2020ರ ಅಕ್ಟೋಬರ್‌ದ ಮ್ಯಾಚು ಹಚ್ಚಿದೆ. ವಾಲ್ಟರ್ ಮತ್ತ ಅದ ದ್ರಾಗುನೋವ್. ಕೊರೋನಾ ಕಾಲ, ಲಂಡನ್‌ದ ಸ್ಟುಡಿಯೋ, ಪ್ರೇಕ್ಷಕರ ಒಬ್ರೂ ಇಲ್ಲ. ಮಂದಿ ಗದ್ದಲ ಇಲ್ಲದ್ದಕ್ಕ ಎಲ್ಲಾ ಸದ್ದ ಕೇಳ್ತೈತಿ, ಹಗ್ಗದ ಕಿರಗುಟ್ಟೂದು, ಇಬ್ರ ಏದುಸಿರು, ಆಮ್ಯಾಲ ವಾಲ್ಟರ್‌ನ ಅಂಗೈ. ಆರಡಿ ನಾಕ ಇಂಚಿನ ಆಳು, ಬೆರಳ ಎಲ್ಲಾ ಕೂಡಿಸಿ ಬರೇ ಎದಿ ಮ್ಯಾಲ ಬೀಸಿ ಹೊಡಿತಾನ, ಹೊಡತ ಬಿದ್ದ ಕೂಡ್ಲೆ ಚರ್ಮ ಬೆಳ್ಳಗಾಗಿ ಆಮ್ಯಾಲ ಐದೂ ಬೆರಳಿನ ಗುರುತು ಕೆಂಪಗ ಎದ್ದ ಬರ್ತೈತಿ, ಹತ್ತ ನಿಮಿಷಕ್ಕ ಆ ಹುಡುಗನ ಎದಿ ಪೂರಾ ಬೆಂದಧಂಗ ಆಗಿತ್ತು. ದೊಡ್ಡಪ್ಪ ಬಿಲ್ಕುಲ್ ಮಾತಾಡಲಿಲ್ಲ. ಕುರ್ಚಿ ಮುಂದ ಸರಿಸಿಕೊಂಡ್ರು. ಒಂದ ಸಲ ವಾಲ್ಟರ್ ಅವ್ನ ಎತ್ತಿ ಒಗದಾಗ "ಕೆಳಗ ಮಣ್ಣ ಐತೇನು?" ಅಂತ ಕೇಳಿದ್ರು. ಇಲ್ಲ ದೊಡ್ಡಪ್ಪಾ, ಕಬ್ಬಣದ ಅಡ್ಡಪಟ್ಟಿ, ಮ್ಯಾಲ ಹಲಿಗಿ, ಅದ್ರ ಮ್ಯಾಲ ತೆಳುವ ಫೋಮು, ಮ್ಯಾಲ ಬಟ್ಟಿ ಅಂದೆ. ಗದ್ದ ಎದಿಗೆ ಒತ್ತಿ, ಉಸಿರ ಬಿಟ್ಟು, ಇಡೀ ಬೆನ್ನು ಒಮ್ಮೆಲೆ ಬೀಳೂಹಂಗ ಬೀಳ್ತಾರ, ಇಲ್ಲಂದ್ರ ತಲಿ ಹೊಡ್ಕೋತೈತಿ ಅಂತ ಹೇಳ್ದೆ. "ಹಲಿಗಿ ಮ್ಯಾಲ…" ಅಂತ ತಮ್ಮಷ್ಟಕ್ಕ ಅಂದ್ರು. ಕಡೀಗೆ ವಾಲ್ಟರ್ ಅವ್ನ ಕುತಗಿ ಹಿಡದು ಬಿಗದ, ಹುಡುಗ ಕೈ ಬಡದು ಸೋತೆ ಅನಲಿಲ್ಲ, ಹಂಗ ಎಚ್ಚರ ತಪ್ಪಿದ.

ಯಾರು ಗೆಲ್ಲಬೇಕು ಅನ್ನೂದು ಮೊದಲ ಠರಾವ್ ಆಗಿರ್ತೈತಿ, ಅದನ್ನ ನಾ ದೊಡ್ಡಪ್ಪನ ಮುಂದೂ ಮುಚ್ಚಿಡಲಿಲ್ಲ. ಆದ್ರ ಬೆನ್ನಿಗೆ ಅದು ಗೊತ್ತಿಲ್ಲಲ್ರಿ. ನನ್ನ ಮಾತ ಇಷ್ಟ, ಈ ಮಂದಿ ಹದಿನೈದ ಹದಿನೈದ ವರ್ಷ ಸಣ್ಣ ಹಾಲ್‌ಗಳೊಳಗ ಬೀಳ್ತಾರ, ಬೀಳೂ ಆ ವರ್ಷಗಳಿಗೆ ಲೆಕ್ಕ ಇಡಾವ್ರು ಯಾರೂ ಇಲ್ಲ, ಅದಕ್ಕ ನಾ ಬರ್ಯಾಕ ಹತ್ತೇನಿ.

ಇನ್ನೊಂದು ನನಗ ಭಾಳ ಸಂಕಟ ಆಗೂದು. 2017ರ ಜನವರಿಯೊಳಗ ಡಬ್ಲ್ಯೂಡಬ್ಲ್ಯೂಇ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ದಾಗ ಯುಕೆ ಚಾಂಪಿಯನ್ ಬೆಲ್ಟಿಗೆ ಅಂತ ಟೂರ್ನಮೆಂಟ್ ಮಾಡ್ತು, ಟೈಲರ್ ಬೇಟ್ ಅನ್ನೋ ಹತ್ತೊಂಬತ್ತರ ಹುಡುಗ ಗೆದ್ದ, ಆಮ್ಯಾಲ ಎನ್‌ಎಕ್ಸ್‌ಟಿ ಯುಕೆ ಅಂತ ಅಲ್ಲಿ ತಮ್ಮದೊಂದು ಶಾಖೆ ಶುರು ಮಾಡಿ ಸಣ್ಣ ಕಂಪನಿಗಳ ಚಲೋ ಚಲೋ ಪೈಲ್ವಾನರನ್ನೆಲ್ಲಾ ಕಾಂಟ್ರಾಕ್ಟ್ ಮ್ಯಾಲ ಒಯ್ದ್ರು. ಹುಡುಗೂರಿಗೆ ಪಗಾರ ಸಿಕ್ತು, ಅದು ಖರೇನ, ಯಾರಿಗೆ ಬ್ಯಾಡ? ಆದ್ರ 2022ರಾಗ ಅದನ್ನ ಮುಚ್ಚಿದ್ರು, ಬಹಳ ಮಂದಿನ್ನ ಬಿಟ್ಟ ಬಿಟ್ರು, ಅವ್ರು ವಾಪಸ್ ಬರೂದ್ರಾಗ ಕೊರೋನಾ ಹೊಡತಕ್ಕ ಸಣ್ಣ ಹಾಲ್‌ಗಳೂ ಸೊರಗಿ ಹೋಗಿದ್ವು. ವಾಲ್ಟರ್ ಉಳದ. ಆ ಯುಕೆ ಬೆಲ್ಟನ್ನ 870 ದಿನ ಇಟಗೊಂಡಿದ್ದ, ಆಮ್ಯಾಲ ಹೆಸರ ಬದಲಿ ಆಗಿ ಗುಂಥರ್ ಆದ, 2024ರ ಆಗಸ್ಟ್‌ದಾಗ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದ, ಅದ ತಿಂಗಳ ಕಡೀಗೆ ಬರ್ಲಿನ್‌ದಾಗ ರ‍್ಯಾಂಡಿ ಆರ್ಟನ್‌ನ ಸೋಲಿಸಿದ. ಇಲ್ಲಿ ರಾತ್ರಿ ಹತ್ತೂವರೆಗೆ ಚಾಲೂ ಆತು, ಮರುದಿನ ರವಿವಾರ, ಪೂರ್ತಿ ನೋಡ್ದೆ. ಅಂವ ಬರೂ ಮುಂದ ಆ ಹಾಲ್ ಎದ್ದ ನಿಂತದ್ದ ನೋಡಿ ನನ್ನ ಕಣ್ಣಾಗ ನೀರ ಬಂತು, ಆ ಮಂದಿಯೊಳಗ ಎಷ್ಟ ಮಂದಿ ಒಬರ್‌ಹೌಸನ್‌ದಾಗ ಅವ್ನ ಕಡೆಯಿಂದ ಟೀ ಶರ್ಟ್ ತಗೊಂಡಿದ್ದಾರು ಅಂತ.

ದೊಡ್ಡಪ್ಪ ಆವತ್ತ ಮ್ಯಾಚ್ ಮುಗದಮ್ಯಾಲ ಗಾಮಾ ಪೈಲ್ವಾನರ ಕಥಿ ತಗದ್ರು. 1910ರಾಗ ಗಾಮಾ ಲಂಡನ್ನಿಗೆ ಹೋದಾಗ ಗಿಡ್ಡ ಅದಾನ ಅಂತ ಯಾರೂ ಪಂದ್ಯಾಟದೊಳಗ ಬಿಟ್ಟಿರಲಿಲ್ಲ, ಸವಾಲ್ ಹಾಕಿ ಒಳಗ ಹೋದ್ರು, ಜ್‌ಬಿಸ್ಕೋ ಅನ್ನೋ ಪೋಲಂಡ್‌ದ ಪೈಲ್ವಾನ ಎರಡೂವರೆ ತಾಸಿಗಿಂತ ಹೆಚ್ಚು ಹೊತ್ತು ನೆಲಕ್ಕ ಹೊಟ್ಟಿ ಹಚ್ಚಿ ಮಲಗಿಬಿಟ್ಟ, ಮುಂದಿನ ವಾರದ ಕುಸ್ತಿಗೆ ಬರಲೇ ಇಲ್ಲ. ಮನ್ಯಾಗ ನೂರ ಸಲ ಕೇಳಿದ ಕಥಿ. ಅದನ್ನ ಮುಗಿಸಿ, "ಮುಂದ ಆ ಹುಡುಗ ಗೆದ್ದನೋ ಇಲ್ಲೋ?" ಅಂದ್ರು.

2021ರ ಆಗಸ್ಟ್‌ದ ಮ್ಯಾಚ್ ಹಚ್ಚಿದೆ. ಈ ಸಲ ದ್ರಾಗುನೋವ್ ಹಿಂದಿನಿಂದ ಕುತಗಿ ಹಿಡದ, ವಾಲ್ಟರ್ ಕೈ ಬಡದು ಸೋಲು ಒಪ್ಪಿಕೊಂಡ. ದೊಡ್ಡಪ್ಪ ಮೊಣಕಾಲಿಗೆ ಎಣ್ಣಿ ತಿಕ್ಕಿಕೋತ ಕುಂತಿದ್ರು. ಸ್ವಲ್ಪ ಹೊತ್ತ ಸುಮ್ಮಿದ್ದು, ನಾನೂ ಒಮ್ಮಿ ನಮ್ಮ ಗರಡಿ ಹುಡುಗಗನ ಸೋತಿದ್ದೆ ಅಂದ್ರು. ಇದು ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ. ನಾನ ಕಲಿಸಿದ ಪಟ್ಟ ಹಾಕಿದ ನನ್ನ ಮ್ಯಾಲ, ಬೆನ್ನ ಮಣ್ಣಿಗೆ ಹತ್ತಿದಾಗ ಮೊದಲ ಅಂವನ ಅಳಾಕ ಹತ್ತಿದ, ನಾ ಎದ್ದು ಅವ್ನ ಮೈಗೆ ಹತ್ತಿದ ಮಣ್ಣ ಜಾಡಸಿ ಕೈ ಎತ್ತಿದೆ ಅಂದ್ರು. ಆ ಹುಡುಗ ಈಗ ಎಲ್ಲಿ ಅದಾನ ಅಂತ ಕೇಳ್ದೆ. ಇಚಲಕರಂಜಿಯೊಳಗ ಮಗ್ಗದ ಮ್ಯಾಲ ಅದಾನ, ಮೊನ್ನೆ ಮೊಣಕಾಲ ಹೆಂಗದಾವ್ರಿ ಅಂತ ಫೋನ್ ಮಾಡಿದ್ದ ಅಂದ್ರು.