ನೋವು ಒಂದು ಕಡೆ, ನರ ಇನ್ನೊಂದು ಕಡೆ

ಇವತ್ತು ಜಯನಗರದಲ್ಲಿ ಫಿಸಿಯೋ ಹತ್ತಿರ ಹೋಗಿದ್ದೆ. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಬಲಗಾಲು ಎತ್ತಿದರು. ಅರ್ಧಕ್ಕೆ ಬರುವ ಮೊದಲೇ ಸೊಂಟದಿಂದ ಹಿಮ್ಮಡಿವರೆಗೆ ಕರೆಂಟ್ ಹೊಡೆದ ಹಾಗಾಯಿತು. "ಅಮ್ಮಾ!" ಅಂದೆ. ಅವರು ಆರಾಮಾಗಿ "ಸಯಾಟಿಕಾ" ಅಂತ ಬರೆದುಕೊಂಡರು.

ಅಂದರೆ ನೋವು ಮೀನಖಂಡದಲ್ಲಿ, ನರ ಒತ್ತಿರುವುದು ಬೆನ್ನುಮೂಳೆಯ ಬುಡದಲ್ಲಂತೆ. ಎರಡು ವಾರದಿಂದ ಸುಮ್ನೆ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ, ಪಾಪ ಕಾಲು.

ಆಪರೇಷನ್ನಾ ಅಂದೆ. ಜಾಸ್ತಿ ಜನಕ್ಕೆ 6ರಿಂದ 12 ವಾರದಲ್ಲಿ ತಾನಾಗಿಯೇ ಇಳಿಯುತ್ತದೆ, ಮಲಗಿಬಿಡಬೇಡಿ, ನಡೀರಿ ಅಂದರು. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಮಾತ್ರ ಒಂದು ನಿಮಿಷ ಕಾಯದೆ ಆಸ್ಪತ್ರೆಗೆ ಓಡಬೇಕಂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತು. ಕೂತರೇ ಜಾಸ್ತಿ ನೋವು ಅಲ್ವಾ, ಪಕ್ಕದ ಹುಡುಗನಿಗೆ ಬಿಟ್ಟುಕೊಟ್ಟೆ. "ಥ್ಯಾಂಕ್ಸ್ ಅಂಕಲ್" ಅಂದ. ಅದೊಂದು ಬೇರೆ ನೋವು.